ಪ್ರಾಣಿಲೋಕದ ವಿಜಾತೀಯ ಸ್ನೇಹ

ಹಾವು ಮುಂಗುಸಿಗಳ, ಬೆಕ್ಕು ಇಲಿಗಳ ಹುಟ್ಟುಹಗೆತನವು ನಮ್ಮ ಆಡುಮಾತಿನಲ್ಲಿ ಗಾದೆಯಂತೆ ನೆಲೆನಿಂತಿದೆ. ಇದಕ್ಕೆ ವ್ಯತಿರಿಕ್ತವಾದ ಐತಿಹ್ಯವೊಂದು ಶೃಂಗೇರಿಯಲ್ಲಿ ಉಂಟು. ತುಂಗೆಯ ದಡದಲ್ಲಿ, ಸುಡುಬಿಸಿಲಿನಲ್ಲಿ, ಪ್ರಸವವೇದನೆಯಿಂದ ಬಳಲುತ್ತಿದ್ದ ಕಪ್ಪೆಗೆ ಸರ್ಪವೊಂದು ಹೆಡೆಬಿಚ್ಚಿ ನೆರಳು ನೀಡುತ್ತಿದ್ದುದನ್ನು ಶಂಕರಾಚಾರ್ಯರು ಕಂಡರೆಂದೂ, ಸಹಜವೈರವೇ ಅಳಿದ ಆ ನೆಲವನ್ನು ಪೀಠಸ್ಥಾಪನೆಗೆ ಆರಿಸಿಕೊಂಡರೆಂದೂ ಹೇಳುತ್ತಾರೆ. ಅದರ ನೆನಪಿನ ಶಿಲ್ಪವನ್ನು ಜನರು ‘ಕಪ್ಪೆ ಶಂಕರ’ ಎಂದು ಕರೆಯುತ್ತಾರೆ. ಐತಿಹ್ಯವನ್ನು ವಿಜ್ಞಾನದ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ಆದರೆ ಭಿನ್ನಜಾತಿಯ ಜೀವಿಗಳು ಒಂದಕ್ಕೊಂದು ಆಸರೆಯಾಗುವ ಸಂಗತಿ ಕೇವಲ ಕವಿಕಲ್ಪನೆಯಲ್ಲ ಎಂಬುದಕ್ಕೆ ನಮ್ಮ ಕಾಲದಲ್ಲಿಯೇ ಸಾಕ್ಷ್ಯಗಳು ದೊರೆತಿವೆ.

2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದಲ್ಲಿ ಎದ್ದ ಸುನಾಮಿಯು ಆಫ್ರಿಕದ ಕೀನ್ಯಾ ದೇಶದ ಕರಾವಳಿಯನ್ನೂ ತಟ್ಟಿತು. ಅಲ್ಲಿನ ಮಾಲಿಂದಿ ಪಟ್ಟಣದ ಬಳಿ, ಸಮುದ್ರದ ಹವಳದ ದಿಬ್ಬದ ಮೇಲೆ, ನೀರಾನೆಯ ಮರಿಯೊಂದು ಏಕಾಕಿಯಾಗಿ ಸಿಕ್ಕಿಕೊಂಡಿತ್ತು. ನದಿಯ ಸಿಹಿನೀರಿನಲ್ಲಿ ಹಿಂಡಿನೊಡನೆ ಬಾಳಬೇಕಾದ ಜೀವ ಅದು. ಊರಿನವರು ಬಲೆಗಳನ್ನು ತಂದು, ಬಹಳ ಹೆಣಗಾಡಿ ಅದನ್ನು ದಡಕ್ಕೆ ತಂದರು. ಓವೆನ್ ಎಂದು ಹೆಸರಿಟ್ಟು, ಮೊಂಬಾಸಾ ನಗರದ ಸಮೀಪದ ಹ್ಯಾಲರ್ ಪಾರ್ಕ್ ಎಂಬ ಪ್ರಾಣಿಧಾಮಕ್ಕೆ ಸಾಗಿಸಿದರು.

ಆ ಧಾಮದಲ್ಲಿ ಸುಮಾರು 130 ವರ್ಷ ವಯಸ್ಸಿನದೆಂದು ಅಂದಾಜು ಮಾಡಿದ್ದ ಒಂದು ದೈತ್ಯ ಗಂಡಾಮೆ ಇತ್ತು. ಅದರ ಹೆಸರು ಮ್ಜೇ. ಸ್ವಾಹಿಲಿ ಭಾಷೆಯಲ್ಲಿ ಅದಕ್ಕೆ ‘ಹಿರಿಯ’ ಎಂದರ್ಥ. ಬೆದರಿದ ಮರಿಯನ್ನು ಬಿಟ್ಟೊಡನೆ ಅದು ನೇರವಾಗಿ ಓಡಿಹೋಗಿ, ತಾಯಿಯ ಹಿಂದೆ ಅಡಗುವಂತೆ, ಆಮೆಯ ಹಿಂದೆ ಅಡಗಿತು. ಹಿರಿಯನಿಗೆ ಇದು ಹಿಡಿಸಲಿಲ್ಲ. ಬುಸುಗುಟ್ಟಿ ದೂರ ಸರಿಯಿತು. ಮರಿ ಬಿಡದೆ ಹಿಂಬಾಲಿಸಿತು. ಕೆಲವೇ ದಿನಗಳಲ್ಲಿ ಎರಡೂ ಒಟ್ಟಿಗೆ ಮೇಯುವುದು, ಒಟ್ಟಿಗೆ ನೀರಿಗಿಳಿಯುವುದು, ಮೈಗೆ ಮೈ ತಾಗಿಸಿ ಮಲಗುವುದು ನಿತ್ಯದ ನೋಟವಾಯಿತು. ಮರಿಯು ಮುಖ ನೆಕ್ಕುವಾಗ ಆಮೆ ಕತ್ತನ್ನು ನೀಳವಾಗಿ ಚಾಚಿ ನಿಲ್ಲುತ್ತಿತ್ತು.

ಇದರ ಹಿಂದಿನ ಕಾರಣವೇನು? ನೀರಾನೆಯ ಮರಿ ಹಲವು ವರ್ಷ ತಾಯಿಯ ಮಗ್ಗುಲನ್ನು ಬಿಡುವುದಿಲ್ಲ. ಬೂದುಬಣ್ಣದ, ದುಂಡಾದ, ದೊಡ್ಡ ದೇಹವೊಂದು ಕಂಡಾಗ ಓವೆನ್ ಅದನ್ನೇ ಆಶ್ರಯಿಸಿದ್ದು ಸಹಜ. ಆಶ್ಚರ್ಯವಿರುವುದು ಆಮೆಯ ನಡತೆಯಲ್ಲಿ. ಆಮೆಗಳ ಕುಲದಲ್ಲಿ ತಾಯಿ ಮೊಟ್ಟೆಗಳನ್ನು ಮಣ್ಣಿನಲ್ಲಿ ಹುದುಗಿಸಿ ಹೊರಟುಹೋಗುತ್ತದೆ. ಮರಿಗಳ ಪಾಲನೆ ಎಂಬುದೇ ಇಲ್ಲ. ಅಂಥ ಕುಲದ ಗಂಡು ಪ್ರಾಣಿಯೊಂದು ಪರಜಾತಿಯ ಮರಿಯನ್ನು ಬಳಿ ಸೇರಿಸಿಕೊಂಡಿತು.

ಭಾರತದಲ್ಲಿಯೂ ಇಂಥ ಘಟನೆ ನಡೆದಿದೆ. ಗುಜರಾತಿನ ಗಿರ್ ಅರಣ್ಯದಲ್ಲಿ 2018ರ ಡಿಸೆಂಬರ್ ಕೊನೆಯಲ್ಲಿ ಸಿಂಹಿಣಿಯೊಂದು ತನ್ನ ಎರಡು ಮರಿಗಳೊಡನೆ ಚಿರತೆಯ ಮರಿಯೊಂದಕ್ಕೂ ಹಾಲೂಡಿಸುತ್ತಿದ್ದುದು ಕಂಡುಬಂದಿತು. ಸಿಂಹವೂ ಚಿರತೆಯೂ ಒಂದೇ ಕಾಡಿನ ಪ್ರತಿಸ್ಪರ್ಧಿಗಳು. ಆದರೂ ಸುಮಾರು ಒಂದೂವರೆ ತಿಂಗಳು, ಚಿರತೆಯ ಮರಿ ಹುಟ್ಟಿನಿಂದಲೇ ಇದ್ದ ಹರ್ನಿಯಾದಿಂದ ಸಾಯುವವರೆಗೂ, ಸಿಂಹಿಣಿ ಅದನ್ನು ತನ್ನದೆಂಬಂತೆಯೇ ಸಲಹಿತು.

ಶರೀರಶಾಸ್ತ್ರವು ಇದರ ಮೇಲೆ ಕೊಂಚ ಬೆಳಕು ಚೆಲ್ಲುತ್ತದೆ. ಸಸ್ತನಿಗಳಲ್ಲಿ ಭಯವೂ ಒಂಟಿತನವೂ ಒದಗಿದಾಗ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಹೆಚ್ಚಾಗಿ ಸ್ರವಿಸುತ್ತವೆ. ಅದು ದೀರ್ಘಕಾಲ ಮಿತಿಮೀರಿದರೆ ನಿದ್ರೆ, ರಕ್ತದೊತ್ತಡ, ರೋಗನಿರೋಧಕ ಶಕ್ತಿ ಎಲ್ಲವೂ ಏರುಪೇರಾಗುತ್ತವೆ. ನಂಬಿಕೆಯ ಜೊತೆಗಾರ ಬಳಿಯಿದ್ದರೆ ಈ ಸ್ರಾವ ತಗ್ಗುತ್ತದೆ. ಹೆರಿಗೆಯಲ್ಲಿಯೂ ಮೊಲೆಹಾಲೂಡುವಲ್ಲಿಯೂ ನೆರವಾಗುವ ಆಕ್ಸಿಟೋಸಿನ್ ಎಂಬ ಇನ್ನೊಂದು ರಸವು ತಾಯಿಮಕ್ಕಳ ಬಂಧವನ್ನು ಬಿಗಿಯುತ್ತದೆ. ಇದು ಸ್ವಜಾತಿಯ ಎಲ್ಲೆಗೆ ಕಟ್ಟುಬಿದ್ದುದಲ್ಲ. ನಾಯಿಯೂ ಅದರ ಒಡೆಯನೂ ಪರಸ್ಪರ ಕಣ್ಣಿಟ್ಟು ನೋಡುವಾಗ ಇಬ್ಬರಲ್ಲಿಯೂ ಇದು ಹೆಚ್ಚುವುದೆಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು.

ಮನುಷ್ಯನೂ ಇದಕ್ಕೆ ಹೊರತಲ್ಲ. 3 ಲಕ್ಷಕ್ಕೂ ಮಿಕ್ಕಿದ ಜನರನ್ನು ಕುರಿತ 148 ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ಒಂದು ಸಮೀಕ್ಷೆಯ ಪ್ರಕಾರ, ಗಟ್ಟಿಯಾದ ಒಡನಾಟವುಳ್ಳವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಂಭವ, ಅದಿಲ್ಲದವರಿಗಿಂತ ಸುಮಾರು ಶೇಕಡ 50ರಷ್ಟು ಹೆಚ್ಚು. ಅನ್ನ, ನೀರು, ನಿದ್ರೆಗಳಂತೆ ಒಡನಾಟವೂ ದೇಹದ ಅಗತ್ಯವೇ ಆಗಿದೆ.

ಮಹಾನಗರದ ಮನೆಗಳಲ್ಲಿ ಈ ಅಗತ್ಯ ಹೆಚ್ಚಾಗಿ ಕಾಡುವುದು ಊರಿನಿಂದ ಬಂದ ಹಿರಿಯರನ್ನು. ಮಗ, ಸೊಸೆ ಕೆಲಸಕ್ಕೂ ಮೊಮ್ಮಕ್ಕಳು ಶಾಲೆಗೂ ಹೊರಟ ಮೇಲೆ, ನೆರೆಯವರ ಮರಾಠಿಯನ್ನೋ ತಮಿಳನ್ನೋ ಅರಿಯದೆ, ಮುಚ್ಚಿದ ಬಾಗಿಲಿನೊಳಗೆ ಇಡೀ ಹಗಲನ್ನು ಕಳೆಯುವವರು ಅನೇಕರು. ಅವರ ಔಷಧಿಯ ವೇಳೆಯನ್ನು ತಪ್ಪದೆ ನೆನಪಿಡುವ ಮಕ್ಕಳು, ಅವರೊಡನೆ ಸಂಜೆ ಯಾರು ಕುಳಿತುಕೊಳ್ಳುತ್ತಾರೆಂಬುದನ್ನೂ ವಿಚಾರಿಸುವುದು ಒಳ್ಳೆಯದು. ಕನ್ನಡ ಬಲ್ಲವರೇ ಸಿಗಬೇಕೆಂದಿಲ್ಲ. ಉದ್ಯಾನದ ಕಲ್ಲುಬೆಂಚಿನ ಮೇಲೆ ದಿನವೂ ಪಕ್ಕದಲ್ಲಿ ಕೂರುವ, ಅರ್ಧ ಮಾತು ಅರ್ಧ ಸನ್ನೆಯಲ್ಲಿ ಕುಶಲ ಕೇಳುವ ಪರಭಾಷೆಯ ವೃದ್ಧರೊಬ್ಬರಾದರೂ ಸಾಕು.

ಓವೆನ್ ಬೆಳೆದು ಭಾರವಾದಂತೆ, ಅದರ ಆಟದಿಂದ ಆಮೆಗೆ ಪೆಟ್ಟಾದೀತೆಂದು ಪಾಲಕರು ಅದನ್ನು ಕ್ಲಿಯೋ ಎಂಬ ಹೆಣ್ಣು ನೀರಾನೆಯ ಜೊತೆಗೆ ಬಿಟ್ಟರು. ಹೀಗೆ ಅದು ತನ್ನ ಕುಲವನ್ನು ಮರಳಿ ಸೇರಿತು. ಅಲ್ಲಿಯವರೆಗೆ ಅದಕ್ಕೆ ಆಸರೆಯಾಗಿದ್ದುದು, ಮೊದಲು ಬುಸುಗುಟ್ಟಿದರೂ ಕಡೆಗೆ ದೂರ ಸರಿಯದೆ ನಿಂತ ಆ ಹಿರಿಯ.