ನಮ್ಮ ಕೆರೆಗಳ ಎರಡು ಗೀಜಗಗಳು

ನೇಯ್ಗೆ ಹಕ್ಕಿಗಳ ತವರು ಆಫ್ರಿಕ ಖಂಡ. ಅಲ್ಲಿ ಒಂದನ್ನೊಂದು ಹೋಲುವ ಹತ್ತಾರು ಜಾತಿಗಳಿವೆ. ಭಾರತದಲ್ಲಿರುವುವು ನಾಲ್ಕೇ. ಅವುಗಳಲ್ಲಿ ಎರಡನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ಹೆಬ್ಬಾಳ, ಯಲಹಂಕ, ಹೆಸರಘಟ್ಟಗಳ ಕೆರೆಯ ಕಡೆ ಒಮ್ಮೆ ಹೋಗಿಬಂದರೆ ಸಾಕು. ಆದರೆ ಎರಡನ್ನೂ ಗೀಜಗವೆಂದೇ ಕರೆದು ಸುಮ್ಮನಾಗುವುದು ನಮ್ಮ ರೂಢಿ.

ಎಲ್ಲರೂ ಬಲ್ಲ ಗೀಜಗನಿಗೆ ಲಿನೇಯಸ್ ಪಂಡಿತನು 1766ರಲ್ಲಿ ಫಿಲಿಪೈನ್ಸ್ ದ್ವೀಪಗಳ ಹೆಸರನ್ನು ಅಂಟಿಸಿದನು. ಪಾಪ, ಆ ದ್ವೀಪಗಳು ಈ ಹಕ್ಕಿಯ ನೆಲೆಯೇ ಅಲ್ಲ! ಎರಡನೆಯದಕ್ಕೆ ಎದೆಯ ಮೇಲೆ ಕಪ್ಪು ಗೀರುಗಳಿರುವುದರಿಂದ ಗೆರೆ ಗೀಜಗವೆನ್ನೋಣ. ಗೂಡು ಕಟ್ಟುವ ಕಾಲದಲ್ಲಿ ಎರಡು ಜಾತಿಯ ಗಂಡುಗಳಿಗೂ ನೆತ್ತಿ ಹಳದಿ. ಮೊದಲನೆಯದರ ಎದೆಯೂ ಗೀರಿಲ್ಲದ ಹಳದಿ. ಮಳೆಗಾಲ ಕಳೆದರೆ ಹಳದಿಯೆಲ್ಲ ಮಾಯವಾಗಿ ಎರಡೂ ಹೆಣ್ಣು ಗುಬ್ಬಿಯಂತಾಗುತ್ತವೆ. ಆಗ ಎದೆಯ ಗೀರುಗಳೇ ಗುರುತು.

ಗೂಡನ್ನು ನೋಡಿದರೆ ಸಂಶಯಕ್ಕೆ ಎಡೆಯಿಲ್ಲ. ಸಾಮಾನ್ಯ ಗೀಜಗನ ಗೂಡು ಈಚಲ ಗರಿಯಿಂದಲೋ ಜಾಲಿಯ ಕೊಂಬೆಯಿಂದಲೋ ಸೋರೆಬುರುಡೆಯಂತೆ ತೂಗಾಡುತ್ತದೆ. ಕೆಳಕ್ಕೆ ಉದ್ದನೆಯ ಕೊಳವೆಬಾಗಿಲು. ಗಂಡು ಹುಲ್ಲಿನ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ ಹಾರಿದರೆ ಎಳೆ ಸರ್ರನೆ ಸೀಳಿಬರುತ್ತದೆ. ಪೂರ್ತಿ ಗೂಡಿಗೆ ಸುಮಾರು 18 ದಿನಗಳು ಬೇಕು. ಸುಮಾರು 8 ದಿನಗಳಲ್ಲಿ ಗೂಡು ಶಿರಸ್ತ್ರಾಣದ ಆಕಾರಕ್ಕೆ ಬಂದಾಗ ಹೆಣ್ಣುಗಳು ಪರೀಕ್ಷೆಗೆ ಬರುತ್ತವೆ. ಒಪ್ಪಿದರೆ ಗಂಡು ಕೆಲಸ ಮುಗಿಸಿ, ಹೆಣ್ಣನ್ನು ಮೊಟ್ಟೆಗಳೊಡನೆ ಬಿಟ್ಟು, ಇನ್ನೊಂದು ಗೂಡಿಗೆ ತೊಡಗುತ್ತದೆ! ಈ ವಿಚಿತ್ರ ಸಂಸಾರವನ್ನು ಸಲೀಂ ಅಲಿಯವರು 1930ರಲ್ಲಿ ಮುಂಬಯಿಯ ಬಳಿಯ ಕಿಹಿಮ್ ಎಂಬಲ್ಲಿ ಕುಳಿತು ಅಭ್ಯಸಿಸಿದರು.

ಗೆರೆ ಗೀಜಗ ಮರದ ಗೊಡವೆಗೆ ಹೋಗುವುದಿಲ್ಲ. ನೀರಿನಲ್ಲಿ ನಿಂತ ಜೊಂಡಿನ ತುದಿಗಳನ್ನು ಬಗ್ಗಿಸಿ ಗೂಡಿನ ಛಾವಣಿಗೇ ಸೇರಿಸಿ ನೇಯುತ್ತದೆ. ಹೀಗಾಗಿ ಗೂಡಿಗೆ ತೂಗುವ ಹಗ್ಗವಿಲ್ಲ, ಕೊಳವೆಯೂ ಗಿಡ್ಡ.

ಈ ಭೇದ ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ. ಒಂದು ಮರ ಹೋದರೆ ಸಾಮಾನ್ಯ ಗೀಜಗ ಮತ್ತೊಂದನ್ನು ಹುಡುಕೀತು. ತಂತಿಗೂ ಗೂಡು ತೂಗುಹಾಕೀತು. ಆದರೆ ಕೆರೆಯನ್ನು ಚೊಕ್ಕಟ ಮಾಡುವೆವೆಂದು ಮಳೆಗಾಲದಲ್ಲಿ ಯಂತ್ರದಿಂದ ಜೊಂಡನ್ನೆಲ್ಲ ಕಿತ್ತರೆ ಗೆರೆ ಗೀಜಗನ ಮನೆ, ಮೊಟ್ಟೆ, ಮರಿ ಒಟ್ಟಿಗೇ ಹೋಗುತ್ತವೆ. ದಡದ ಈಚಲಲ್ಲಿ ಗೂಡುಗಳನ್ನು ಕಂಡ ನಾವು ಗೀಜಗಗಳು ಕ್ಷೇಮವೆಂದು ಬರೆದುಕೊಳ್ಳುತ್ತೇವೆ! ಚರಂಡಿ ನೀರುಂಡು ಜೊಂಡು ಕೆರೆಯನ್ನೇ ಮುಚ್ಚುವುದುಂಟು, ನಿಜ, ಕತ್ತರಿಸಲೇಬೇಕಾಗುತ್ತದೆ. ಮರಿಗಳು ಹಾರಿಹೋದ ಮೇಲೆ, ಒಂದು ಪಾಲನ್ನು ಕತ್ತರಿಸಿ ಉಳಿದುದನ್ನು ನಿಲ್ಲಲು ಬಿಟ್ಟರೆ ಮುಂದಿನ ಮಳೆಗೆ ಆ ಹಕ್ಕಿಗೆ ನೇಯಲು ಜೊಂಡು ಇರುತ್ತದೆ.