ಮನೆಯಲ್ಲಿ ಮಂಜುಗಡ್ಡೆಯ ಚಹ

ಬೇಸಗೆಯ ಮಧ್ಯಾಹ್ನದಲ್ಲಿ ತಂಪಾದ ಪಾನೀಯವೊಂದನ್ನು ಬಯಸದವರು ವಿರಳ. ಪಾನಕ, ನೀರುಮಜ್ಜಿಗೆ, ಎಳನೀರು ಇವು ನಮ್ಮಲ್ಲಿ ಹಿಂದಿನಿಂದಲೂ ಬಂದಿರತಕ್ಕವು. ಇವುಗಳ ಪಂಕ್ತಿಗೆ ಈಚೆಗೆ ಬಂದು ಸೇರಿದುದು ಮಂಜುಗಡ್ಡೆಯ ಚಹ. ಲೋಕರೂಢಿಯ ಮಾತಿನಲ್ಲಿ ಐಸ್ ಟೀ. ಬಿಸಿ ಚಹವನ್ನು ಮಾಡಬಲ್ಲವರಿಗೆ ಇದರಲ್ಲಿ ಕಲಿಯುವುದೇನಿದೆ, ಆರಿದ ಚಹಕ್ಕೆ ನಾಲ್ಕು ತುಂಡು ಐಸು ಹಾಕಿದರಾಯಿತಲ್ಲವೆ ಎಂದು ಕೆಲವರು ಕೇಳಬಹುದು. ಹಾಗೆ ಮಾಡಿದ ಪಾನೀಯವು ಸಾಮಾನ್ಯವಾಗಿ ನೀರುನೀರಾಗಿಯೋ, ಒಗರಾಗಿಯೋ, ಬಗ್ಗಡವಾಗಿಯೋ ಇರುತ್ತದೆ. ಇದು ರುಚಿಯ ಮಾತಾಯಿತು. ಇದಕ್ಕಿಂತಲೂ ಗುರುತರವಾದ ವಿಷಯವೊಂದುಂಟು. ಬಿಸಿ ಚಹವನ್ನು ಕುಡಿಯುವವರನ್ನು ಅದನ್ನು ಕುದಿಸಿದ ಬೆಂಕಿಯೇ ಕಾಯುತ್ತದೆ. ನೀರಿನಲ್ಲಿದ್ದ ರೋಗಬೀಜಗಳು ಒಲೆಯ ಮೇಲೆಯೇ ನಾಶವಾಗುತ್ತವೆ. ತಣ್ಣನೆಯ ಚಹದಲ್ಲಿ ಆ ಕಾವಲು ಅರ್ಧದಾರಿಯಲ್ಲಿಯೇ ನಮ್ಮನ್ನು ಬಿಟ್ಟುಹೋಗುತ್ತದೆ. ಮುಂದಿನ ದಾರಿಯಲ್ಲಿ ಕಾಯುವ ಕೆಲಸವು ಅದನ್ನು ಮಾಡುವವರದು. ಈ ಎರಡು ವಿಷಯಗಳನ್ನೂ ನಾವು ಇಲ್ಲಿ ಕ್ರಮವಾಗಿ ವಿಚಾರಮಾಡೋಣ.

ಈ ಪಾನೀಯದ ಹುಟ್ಟಿನ ವಿಷಯದಲ್ಲಿ ಒಂದು ಕಥೆ ಪ್ರಸಿದ್ಧವಾಗಿದೆ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮಹಾ ಪ್ರದರ್ಶನವೊಂದು ನಡೆಯಿತು. ಅಲ್ಲಿ ಭಾರತದ ಚಹವನ್ನು ಪ್ರಚಾರಮಾಡಲು ಬಂದಿದ್ದ ರಿಚರ್ಡ್ ಬ್ಲೆಚಿಂಡನ್ ಎಂಬಾತನು, ಬಿಸಿಲಿನ ಬೇಗೆಯಲ್ಲಿ ಬಿಸಿ ಚಹವನ್ನು ಕೇಳುವವರಿಲ್ಲದಿರಲು, ಅದನ್ನು ಐಸಿನಿಂದ ತಣಿಸಿ ಜನರಿಗೆ ಕೊಟ್ಟನಂತೆ. ಪ್ರಚಾರದ ಕೀರ್ತಿ ಆತನಿಗೆ ಸಲ್ಲಬಹುದು; ಆವಿಷ್ಕಾರದ ಕೀರ್ತಿ ಸಲ್ಲದು. ಏಕೆಂದರೆ 1879ರಲ್ಲಿ ಅಚ್ಚಾದ ವರ್ಜೀನಿಯ ಪ್ರಾಂತದ ಒಂದು ಪಾಕಪುಸ್ತಕದಲ್ಲಿಯೂ, 1884ರ ಬಾಸ್ಟನ್ ನಗರದ ಮತ್ತೊಂದರಲ್ಲಿಯೂ ಇದನ್ನು ಮಾಡುವ ಕ್ರಮವು ದೊರೆಯುತ್ತದೆ. ಭಾರತಕ್ಕೆ ಐಸೇ ಅಮೆರಿಕದಿಂದ ಬರುತ್ತಿದ್ದ ಕಾಲವೊಂದಿತ್ತು. ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಕಳುಹಿಸಿದ ಐಸಿನ ಹಡಗು 1833ರಲ್ಲಿ ಬಾಸ್ಟನ್ನಿನಿಂದ ಕಲ್ಕತ್ತೆಗೆ ಬಂದು ಸೇರಿತು. ಅಂಥ ಐಸನ್ನು ಶೇಖರಿಸಲು ಮದರಾಸಿನ ಕಡಲತಡಿಯಲ್ಲಿ ಕಟ್ಟಿದ ಮಂದಿರವು ಇಂದಿಗೂ ನಿಂತಿದೆ. ವಿವೇಕಾನಂದರು 1897ರಲ್ಲಿ ತಂಗಿದ್ದುದು ಅಲ್ಲಿಯೇ. ಇಂದಾದರೋ ಐಸು ಮನೆಯ ರೆಫ್ರಿಜರೇಟರಿನಲ್ಲಿಯೇ ಸಿದ್ಧವಾಗುತ್ತದೆ.

ಇನ್ನು ಮಾಡುವ ಕ್ರಮಕ್ಕೆ ಬರೋಣ. ಮೊದಲನೆಯದಾಗಿ ಚಹದ ಆಯ್ಕೆ. ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ ಸಣ್ಣ ಕಾಳಿನ ಇಲ್ಲವೆ ಪುಡಿಯ ಚಹ. ಹಾಲು ಸಕ್ಕರೆಗಳೊಡನೆ ಕುದಿಸುವುದಕ್ಕೆ ಇದು ತಕ್ಕುದು. ಬಣ್ಣವನ್ನೂ ಒಗರನ್ನೂ ಬೇಗನೆ ಬಿಡುತ್ತದೆ. ಆ ಒಗರಿಗೆ ಕಾರಣವಾದ ವಸ್ತುಗಳೊಡನೆ ಹಾಲಿನ ಸಸಾರಜನಕವು ಕೂಡಿಕೊಂಡು ಅದನ್ನು ಮೃದುಮಾಡುತ್ತದೆ. ಐಸ್ ಟೀಗೆ ಹಾಲಿಲ್ಲ. ಆದುದರಿಂದ ಒಗರು ನಾಲಿಗೆಗೆ ನೇರವಾಗಿ ತಾಗುತ್ತದೆ. ಈ ಕಾರಣದಿಂದ ಎಲೆಯ ಚಹವೇ ಇಲ್ಲಿ ಉತ್ತಮ. ಅದರಲ್ಲಿಯೂ ನಮ್ಮ ನೆರೆಯ ನೀಲಗಿರಿಯ ಚಹವು ತಣಿದಾಗಲೂ ತಿಳಿಯಾಗಿರುತ್ತದೆಂದು ಹೆಸರಾಗಿದೆ. ಪುಡಿಯ ಚಹವೇ ಇದ್ದರೆ ನೆನೆಸುವ ಕಾಲವನ್ನು ಎರಡು ನಿಮಿಷಕ್ಕೆ ಇಳಿಸಿದರೆ ಸಾಕು.

ಎರಡನೆಯದು ಅಳತೆ. ಬಹುಮಂದಿ ತಪ್ಪುವುದು ಇಲ್ಲಿ. ಐಸು ಚಹವನ್ನು ತಣಿಸುವುದು ತಾನು ಕರಗುವುದರ ಮೂಲಕ. ಕರಗಿದ ಐಸೆಂದರೆ ನೀರು. ಎಷ್ಟು ನೀರು ಸೇರುತ್ತದೆಂಬುದನ್ನು ಭೌತಶಾಸ್ತ್ರವು ಸುಲಭವಾಗಿ ಹೇಳಿಕೊಡುತ್ತದೆ. ಒಂದು ಗ್ರಾಂ ಐಸು ಕರಗಬೇಕಾದರೆ ಸುಮಾರು 80 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಗ್ರಾಂ ನೀರು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ತಣಿಯುವಾಗ ಒಂದು ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ಸೋಸಿದ ಚಹವು 85 ಡಿಗ್ರಿಯಲ್ಲಿದೆ ಎಂದುಕೊಳ್ಳೋಣ. ಅದಕ್ಕೆ ಸಮತೂಕದ ಐಸನ್ನು ಸೇರಿಸಿದರೆ ಐಸೆಲ್ಲವೂ ಕರಗಿ, ಪಾನೀಯವು ಎರಡು ಮೂರು ಡಿಗ್ರಿಗೆ ಇಳಿಯುತ್ತದೆ, ಪ್ರಮಾಣವು ಎರಡರಷ್ಟಾಗುತ್ತದೆ. ಎಂದರೆ, ಬಿಸಿ ಚಹವನ್ನು ನೇರವಾಗಿ ಐಸಿನ ಮೇಲೆ ಸುರಿಯುವವರು ಅದನ್ನು ಇಮ್ಮಡಿ ಗಟ್ಟಿಯಾಗಿ ಮಾಡಿರಬೇಕು. ಹಾಗಲ್ಲದೆ ಚಹವನ್ನು ಮೊದಲು 30 ಡಿಗ್ರಿಯವರೆಗೆ ಆರಗೊಟ್ಟರೆ, ಅರ್ಧ ಲೀಟರನ್ನು 5 ಡಿಗ್ರಿಗೆ ಇಳಿಸಲು ಸುಮಾರು 150 ಗ್ರಾಂ ಐಸು ಸಾಕಾಗುತ್ತದೆ. ಆಗ ಇಮ್ಮಡಿ ಗಟ್ಟಿಯ ಅವಶ್ಯಕತೆಯಿಲ್ಲ, ಎಲೆಯನ್ನು ಕೊಂಚ ಹೆಚ್ಚಿಸಿದರಾಯಿತು.

ನಾಲ್ಕು ದೊಡ್ಡ ಲೋಟಗಳಿಗೆ, ಎಂದರೆ ಒಂದು ಲೀಟರಿಗೆ, ಮೊದಲನೆಯ ಕ್ರಮ ಹೀಗೆ: ಅರ್ಧ ಲೀಟರು ನೀರನ್ನು ಚೆನ್ನಾಗಿ ಮರಳಿಸಿ ಒಲೆಯಿಂದ ಇಳಿಸಬೇಕು. ಐದಾರು ಸಣ್ಣ ಚಮಚದಷ್ಟು, ಸುಮಾರು 10ರಿಂದ 12 ಗ್ರಾಂ, ಎಲೆಯನ್ನು ಹಾಕಿ ಮುಚ್ಚಿಡಬೇಕು. ನಾಲ್ಕು ನಿಮಿಷಗಳಾದ ಒಡನೆಯೇ ಸೋಸಬೇಕು. ಒಲೆಯ ಮೇಲೆ ಎಲೆಯನ್ನು ಕುದಿಸಲಾಗದು. ಸೋಸುವಾಗ ಎಲೆಯನ್ನು ಹಿಂಡಲೂ ಆಗದು. ಇವೆರಡರಿಂದಲೂ ಒಗರು ಹೆಚ್ಚುತ್ತದೆ. ಬಿಸಿಯಾಗಿರುವಾಗಲೇ ಸಕ್ಕರೆಯನ್ನು ಕರಗಿಸಬೇಕು. ತಣ್ಣೀರಿನಲ್ಲಿ ಸಕ್ಕರೆ ಕರಗುವುದಿಲ್ಲವೆಂಬ ಮಾತು ಪೂರ್ಣ ನಿಜವಲ್ಲ. ಸೊನ್ನೆ ಡಿಗ್ರಿಯಲ್ಲಿಯೂ 100 ಗ್ರಾಂ ನೀರು ಸುಮಾರು 180 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲುದು. ಆದರೆ ಬಹಳ ನಿಧಾನವಾಗಿ. ಅಷ್ಟರಲ್ಲಿ ಲೋಟ ಬರಿದಾಗಿ ಸಕ್ಕರೆ ತಳದಲ್ಲಿಯೇ ಉಳಿದಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಸಿಹಿ ಬೇಕೆನ್ನುವ ಮನೆಗಳಲ್ಲಿ ಸಕ್ಕರೆಯ ತೆಳುಪಾಕವನ್ನು ಬೇರೆಯಾಗಿ ಮಾಡಿಟ್ಟುಕೊಳ್ಳುವುದು ಅನುಕೂಲ. ಕೊನೆಗೆ ಅರ್ಧ ಕಿಲೋಗ್ರಾಂ ಐಸನ್ನು ಉಕ್ಕಿನ ಪಾತ್ರೆಯಲ್ಲಿಟ್ಟು ಅದರ ಮೇಲೆ ಚಹವನ್ನು ಸುರಿಯಬೇಕು. ಗಾಜಿನ ಪಾತ್ರೆಯಾದರೆ ಬಿಸಿಗೂ ತಂಪಿಗೂ ಒಮ್ಮೆಲೇ ಸಿಕ್ಕಿ ಸೀಳುವ ಸಂಭವವುಂಟು.

ಕೆಲವು ವೇಳೆ ತಿಳಿಯಾಗಿದ್ದ ಚಹವು ತಣಿದೊಡನೆ ಬಗ್ಗಡವಾಗುವುದನ್ನು ಕಾಣುತ್ತೇವೆ. ಇದು ಕೆಟ್ಟುಹೋದ ಲಕ್ಷಣವಲ್ಲ. ಚಹಕ್ಕೆ ಬಣ್ಣವನ್ನೂ ಒಗರನ್ನೂ ಕೊಡುವ ವಸ್ತುಗಳು ಬಿಸಿಯಲ್ಲಿ ಕರಗಿರುತ್ತವೆ. ತಣಿದಾಗ ಅವು ಕೆಫೀನಿನೊಡನೆ ಕೂಡಿಕೊಂಡು ಸೂಕ್ಷ್ಮ ಕಣಗಳಾಗಿ ಬೇರ್ಪಡುತ್ತವೆ. ಚಹವು ಗಟ್ಟಿಯಾದಷ್ಟೂ ಬಗ್ಗಡವು ಹೆಚ್ಚು. ಸ್ವಲ್ಪ ಕುದಿನೀರನ್ನು ಬೆರಸಿದರೆ ಕಣಗಳು ಮತ್ತೆ ಕರಗಿ ತಿಳಿಯಾಗುತ್ತದೆ. ನಿಂಬೆಯ ರಸವನ್ನು ಹಿಂಡಿದಾಗ ಕೆಂಗಂದು ಬಣ್ಣವು ಹೊಂಬಣ್ಣಕ್ಕೆ ತಿರುಗುವುದೂ ಇಂಥದೇ ರಸಾಯನ ವಿನೋದ: ಆಮ್ಲವು ಸೇರಿದೊಡನೆ ಆ ವರ್ಣದ್ರವ್ಯಗಳು ತಿಳಿಬಣ್ಣವನ್ನು ತಳೆಯುತ್ತವೆ.

ಇನ್ನು ಮೊದಲೇ ಸೂಚಿಸಿದ ಗುರುತರವಾದ ವಿಷಯ. ಶೈತ್ಯವು ರೋಗಬೀಜಗಳನ್ನು ಕೊಲ್ಲುತ್ತದೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಉಂಟು. ಅದು ತಪ್ಪು. ಶೈತ್ಯವು ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಅನೇಕವು ಐಸಿನೊಳಗೆ ಬಹುಕಾಲ ಬದುಕಿದ್ದು, ಕರಗಿದೊಡನೆ ತಮ್ಮ ಕೆಲಸಕ್ಕೆ ತೊಡಗುತ್ತವೆ. ವಿಷಮಶೀತಜ್ವರದ ಕ್ರಿಮಿಗಳು ಐಸಿನಲ್ಲಿ ಉಳಿಯಬಲ್ಲವೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪ್ರಯೋಗದಿಂದ ತಿಳಿದ ಸಂಗತಿ. ಕಾಮಾಲೆ, ಅತಿಸಾರ, ಕಾಲರಾಗಳಿಗೂ ಅಶುದ್ಧವಾದ ನೀರೇ ಮುಖ್ಯ ಮಾರ್ಗ. ಚಹದ ನೀರನ್ನು ಮರಳಿಸಿ, ಅದರ ಮೇಲೆ ಹಸಿನೀರಿನ ಐಸನ್ನು ಹಾಕುವವರು ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟವರಂತೆ. ಮೇಲಿನ ಲೆಕ್ಕವನ್ನು ನೆನೆದುಕೊಳ್ಳಿ: ಲೋಟದ ಅರ್ಧವೇ ಐಸಿನಿಂದ ಬಂದುದು! ಆದುದರಿಂದ ಐಸಿಗೆ ಹಾಕುವ ನೀರನ್ನೂ ಒಂದು ನಿಮಿಷವಾದರೂ ಚೆನ್ನಾಗಿ ಮರಳಿಸಿ, ಮುಚ್ಚಿ ಆರಿಸಿಕೊಳ್ಳಬೇಕು. ಮೀನಿಗೂ ಮಾಂಸಕ್ಕೂ ಹೊದಿಸುವುದಕ್ಕಾಗಿ ಮಾಡಿದ ಬಜಾರಿನ ಐಸು ಲೋಟದೊಳಕ್ಕೆ ಬರಬಾರದು. ಪುದೀನದ ಎಲೆಯನ್ನು ಹಾಕುವವರು ಅದನ್ನು ಮರಳಿಸಿ ಆರಿಸಿದ ನೀರಿನಲ್ಲಿ ತೊಳೆಯಬೇಕು. ಇಲ್ಲವೆ ಶುಂಠಿಯೊಡನೆ ಅದನ್ನೂ ಬಿಸಿ ಚಹದಲ್ಲಿಯೇ ನೆನೆಸಿ ಸೋಸುವುದು ಮೇಲು. ನಿಂಬೆಯನ್ನೂ, ಅದನ್ನು ಕೊಯ್ಯುವ ಚಾಕುವನ್ನೂ, ಹಿಂಡುವ ಕೈಯನ್ನೂ ತೊಳೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಬೆಂಕಿಯೇ ಇಲ್ಲದೆ ತಣ್ಣೀರಿನಲ್ಲಿ ಎಲೆಯನ್ನು ನೆನೆಸುವ ಕ್ರಮವೂ ಒಂದುಂಟು. ತಣ್ಣೀರು ಎಲೆಯಿಂದ ಒಗರನ್ನು ಕಡಿಮೆಯಾಗಿ ಸೆಳೆಯುವುದರಿಂದ ರುಚಿಯು ನಯವಾಗಿರುತ್ತದೆ. ಇದನ್ನು ಮಾಡುವವರು ಮರಳಿಸಿ ಆರಿಸಿದ ನೀರನ್ನೇ ಬಳಸಿ, ಕುದಿನೀರಿನಲ್ಲಿ ತೊಳೆದ ಪಾತ್ರೆಯನ್ನು ರೆಫ್ರಿಜರೇಟರಿನೊಳಗೇ ಎಂಟು ಗಂಟೆಗಳ ಕಾಲ ಇಟ್ಟು, ಸೋಸಿ, ಅದೇ ದಿನ ಕುಡಿದು ಮುಗಿಸಬೇಕು. ಆದರೆ ಒಣಗಿದ ಎಲೆಯಲ್ಲಿಯೂ ಕ್ರಿಮಿಗಳಿರಬಹುದಾದುದರಿಂದ ಮಕ್ಕಳು, ವೃದ್ಧರು, ಗರ್ಭಿಣಿಯರು ಇರುವ ಮನೆಗಳಲ್ಲಿ ಬಿಸಿಯ ಕ್ರಮವೇ ಕ್ಷೇಮಕರ. ಅಮೆರಿಕದಲ್ಲಿ ಕೆಲವರು ಗಾಜಿನ ಜಾಡಿಯಲ್ಲಿ ನೀರನ್ನೂ ಎಲೆಯನ್ನೂ ಹಾಕಿ ಬಿಸಿಲಿನಲ್ಲಿಟ್ಟು ಚಹವನ್ನು ತಯಾರಿಸುವುದುಂಟು. ಇದನ್ನು ಅನುಸರಿಸಲಾಗದು. ಬಿಸಿಲಿನಿಂದ ನೀರು ಬೆಚ್ಚಗಾಗುತ್ತದೆಯೇ ಹೊರತು ಕುದಿಯುವುದಿಲ್ಲ. ಆ ಬೆಚ್ಚನೆಯ ನೀರು ಕ್ರಿಮಿಗಳಿಗೆ ತೊಟ್ಟಿಲಾಗುತ್ತದೆ. ಬಿಸಿಯಾಗಿ ಮಾಡಿದ ಚಹವನ್ನೂ ಇಡೀ ದಿನ ಹೊರಗೆ ಬಿಡದೆ, ಆರಿದೊಡನೆ ತಂಪಿನಲ್ಲಿಡಬೇಕು. ನೊರೆಯೋ ಲೋಳೆಯೋ ಹುಳಿವಾಸನೆಯೋ ಕಂಡರೆ ನಿರ್ದಾಕ್ಷಿಣ್ಯವಾಗಿ ಚೆಲ್ಲಬೇಕು.

ಕೊನೆಯದಾಗಿ ಮಿತಿಯ ಮಾತು. ತಣಿದ ಮಾತ್ರಕ್ಕೆ ಚಹದ ಕೆಫೀನು ಹೋಗುವುದಿಲ್ಲ. ಬಾಯಾರಿಕೆಗೆಂದು ಮಕ್ಕಳಿಗೆ ಲೋಟಗಟ್ಟಲೆ ಕೊಡುವುದು ಯುಕ್ತವಲ್ಲ. ಊಟದೊಡನೆ ಚಹವನ್ನು ಕುಡಿದರೆ ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣಾಂಶವು ದೇಹಕ್ಕೆ ಸೇರುವುದು ಕುಗ್ಗುತ್ತದೆ. ರಕ್ತಹೀನತೆಯುಳ್ಳವರು ಊಟಕ್ಕೂ ಇದಕ್ಕೂ ಒಂದೆರಡು ಗಂಟೆಗಳ ಅಂತರವಿಡುವುದು ಒಳ್ಳೆಯದು. ಇಷ್ಟನ್ನು ಗಮನದಲ್ಲಿಟ್ಟುಕೊಂಡರೆ, ಅತಿಥಿಗಳಿಗೆ ನಿಶ್ಶಂಕೆಯಿಂದ ನೀಡಬಹುದಾದ ಪಾನೀಯವೊಂದು ನಮ್ಮ ಮನೆಗೆ ಸೇರಿದಂತಾಗುತ್ತದೆ. ಇದಕ್ಕೆ ಬೇಕಾದ ಸಿದ್ಧತೆಯಾದರೋ ಹಿಂದಿನ ರಾತ್ರಿಯೇ ಆರಂಭವಾಗಬೇಕು. ಒಲೆಯನ್ನು ಆರಿಸುವ ಮುನ್ನ ಒಂದು ಪಾತ್ರೆ ನೀರನ್ನು ಮರಳಿಸಿ ಮುಚ್ಚಿಟ್ಟರೆ, ಆರಿದ ಮೇಲೆ ಅದು ಮರುದಿನದ ಐಸಾಗುತ್ತದೆ.