ಜಕ್ಕೂರಿನ ಯೀಸ್ಟ್, ಮುಪ್ಪಿನ ಕೈನಡುಕ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಕಡೆಯಿಂದಲೋ ಕುಣಿಗಲ್ ಕಡೆಯಿಂದಲೋ ಕೈನಡುಕ ಬಂದ ಅಜ್ಜನನ್ನು ಬೆಂಗಳೂರಿಗೆ ಕರೆತಂದರೆ ನಿಮ್ಹಾನ್ಸ್‌ಗೆ ಹೋಗುತ್ತಾರೆ. ಹೊಟ್ಟೆ ಉಬ್ಬಿ, ರಕ್ತ ಕಡಿಮೆಯಾಗಿ ಸೊರಗಿದ ಮಗುವಾದರೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ. ಅಜ್ಜನದು ಪಾರ್ಕಿನ್ಸನ್, ಮಗುವಿನದು ಗೌಚರ್ ಎಂಬ ಅಪರೂಪದ ಕಾಯಿಲೆ ಎಂದಿಟ್ಟುಕೊಳ್ಳಿ. ಎರಡರ ಜಾಡು ಹಿಡಿದು ಹೋದರೆ ಜೀವಕೋಶದೊಳಗಿನ ಒಂದೇ ಪುಟ್ಟ ಚೀಲದ ಬಳಿ ಬಂದು ನಿಲ್ಲಬಹುದು. ಅದು ಲೈಸೋಸೋಮ್.

ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್ 1955ರಲ್ಲಿ ಇದನ್ನು ಗುರುತಿಸಿದರು. ಒಳಗೆಲ್ಲ ಹುಳಿ, ಅಂದರೆ ಆಮ್ಲ. ಅದರಲ್ಲಿ ಸುಮಾರು 60 ಬಗೆಯ ಕಿಣ್ವಗಳು. ಸವೆದ ಮೈಟೊಕಾಂಡ್ರಿಯಾ, ತಪ್ಪಾಗಿ ಮಡಚಿಕೊಂಡ ಪ್ರೋಟೀನು ಮುಂತಾದವನ್ನು ಕೋಶವು ಜೋಡಿಪೊರೆಯಲ್ಲಿ ಸುತ್ತಿ ಲೈಸೋಸೋಮಿನ ಬಳಿಗೆ ಒಯ್ಯುತ್ತದೆ. ಎರಡೂ ಬೆಸೆದುಕೊಳ್ಳುತ್ತವೆ, ಕಿಣ್ವಗಳು ಒಳಗಿದ್ದದ್ದನ್ನು ಅರೆಯುತ್ತವೆ. ತಿಪ್ಪೆಗೆ ಹಾಕಿದ ಕಸ ಗೊಬ್ಬರವಾಗಿ ಹೊಲಕ್ಕೆ ಮರಳುವ ಹಾಗೆ, ಒಡೆದ ತುಣುಕುಗಳು ಹೊಸ ಪ್ರೋಟೀನು ಕಟ್ಟಲು ಮತ್ತೆ ಬಳಕೆಗೆ ಬರುತ್ತವೆ. ಈ ಕೆಲಸಕ್ಕೆ ಆಟೊಫೇಜಿ ಎಂಬ ಹೆಸರನ್ನೂ ಡಿ ಡೂವ್ ಅವರೇ 1963ರಲ್ಲಿ ಕೊಟ್ಟರು.

ಇದನ್ನು ನಡೆಸುವ ವಂಶವಾಹಿಗಳು ಯಾವುವೆಂದು ತಿಳಿಯಲು ಇನ್ನೂ ಮೂರು ದಶಕ ಹಿಡಿಯಿತು. ಜಪಾನಿನ ಯೊಶಿನೊರಿ ಒಸುಮಿ ಬ್ರೆಡ್ ಉಬ್ಬಿಸುವ ಯೀಸ್ಟನ್ನು ಆರಿಸಿಕೊಂಡರು. ಅರೆಯುವ ಕಿಣ್ವಗಳಿಲ್ಲದ ಯೀಸ್ಟನ್ನು ಉಪವಾಸ ಕೆಡವಿದಾಗ, ಅರೆಯದೆ ಉಳಿದ ಗಂಟುಗಳು ಅದರೊಳಗೆ ರಾಶಿ ಬಿದ್ದದ್ದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಂಡಿತು. ಆ ರಾಶಿ ಬೀಳದ ಯೀಸ್ಟ್‌ಗಳನ್ನು ಹುಡುಕುತ್ತ 1993ರ ಹೊತ್ತಿಗೆ ಅವರು 15 ವಂಶವಾಹಿಗಳನ್ನು ಪತ್ತೆಮಾಡಿದರು. 2016ರಲ್ಲಿ ನೊಬೆಲ್ ಬಂತು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತಾಯ ಅವರ ಪ್ರಯೋಗಾಲಯ ಹಿಡಿದದ್ದೂ ಯೀಸ್ಟನ್ನೇ. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ಗಂಟುಗಂಟಾಗಿ ಸೇರಿಕೊಳ್ಳುತ್ತದೆ. ಬೇರೆ ಕೋಶಗಳು ಇಬ್ಭಾಗವಾಗುತ್ತ ಕಸವನ್ನು ಹಂಚಿಕೊಂಡು ಹಗುರಾಗುತ್ತವೆ. ನರಕೋಶಕ್ಕೆ ಆ ದಾರಿಯಿಲ್ಲ, ಹುಟ್ಟಿದಂದಿನಿಂದ ಒಂದೇ ಕೋಶ ಬಾಳಬೇಕು. ಆಲ್ಫಾ-ಸಿನ್ಯೂಕ್ಲಿನ್ ಹೆಚ್ಚಾದರೆ ಯೀಸ್ಟೂ ಬೆಳೆಯಲಾರದೆ ತಿಣುಕುತ್ತದೆ. ಯಾವ ರಾಸಾಯನಿಕ ಬೆರೆಸಿದರೆ ಅದು ಚೇತರಿಸಿಕೊಳ್ಳುತ್ತದೆ ಎಂದು ಹುಡುಕುತ್ತ ಹೋದವರಿಗೆ 6-ಬಯೊ ಎಂಬ ಸಣ್ಣ ಅಣು ಸಿಕ್ಕಿತು. ಅದು ಆಟೊಫೇಜಿಯನ್ನು ಚುರುಕುಗೊಳಿಸಿತಷ್ಟೇ ಅಲ್ಲ, ಕಸ ಸುತ್ತಿದ ಪೊರೆ ಮತ್ತು ಲೈಸೋಸೋಮ್ ಬೆಸೆಯುವುದನ್ನೂ ಬಹಳವಾಗಿ ಹೆಚ್ಚಿಸಿತು. ನನಗೆ ಮುಖ್ಯವೆನಿಸುವುದು ಈ ಎರಡನೆಯದು. ಕಸ ಕಟ್ಟುವುದು ಹೆಚ್ಚಿ ಅರೆಯುವುದು ಹಾಗೇ ಉಳಿದರೆ ಕೋಶ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ನಿಮ್ಹಾನ್ಸ್‌ನ ಸಂಶೋಧಕರೂ ಜೊತೆಗೂಡಿದ ಈ ಅಧ್ಯಯನದಲ್ಲಿ, ಪಾರ್ಕಿನ್ಸನ್ ಲಕ್ಷಣ ಬರಿಸಿದ ಇಲಿಗಳ ನರಕೋಶಗಳಿಗೂ ರಕ್ಷಣೆ ದೊರೆಯಿತು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು.

ಇಲಿಯಿಂದ ಮನುಷ್ಯನವರೆಗಿನ ದಾರಿ ದೂರ. ಬೆಳೆದುನಿಂತ ಕ್ಯಾನ್ಸರ್ ಕೋಶಗಳೂ ಬದುಕುಳಿಯಲು ಇದೇ ಆಟೊಫೇಜಿಯನ್ನು ಬಳಸಿಕೊಳ್ಳುತ್ತವೆ, ಆದ್ದರಿಂದ ಹೆಚ್ಚಿಸಿದಷ್ಟೂ ಒಳ್ಳೆಯದೆನ್ನಲಾಗದು. ಉಪವಾಸ ಮಾಡಿದರೆ ಆಟೊಫೇಜಿ ಹೆಚ್ಚಿ ಎಲ್ಲ ರೋಗ ಹೋಗುತ್ತದೆ ಎಂಬ ವಿಡಿಯೊಗಳು ಈಗ ಮೊಬೈಲಿನಲ್ಲಿ ತುಂಬಿವೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಇವನ್ನು ನಂಬಿ ವೈದ್ಯರನ್ನು ಕೇಳದೆ ಊಟ ಬಿಟ್ಟರೆ ಪ್ರಾಣಕ್ಕೇ ಅಪಾಯ.

ಗೌಚರ್ ಕಾಯಿಲೆಯಲ್ಲಿ ಕಸ ಲೈಸೋಸೋಮನ್ನು ತಲುಪುತ್ತದೆ, ಆದರೆ ಒಂದು ಬಗೆಯ ಕೊಬ್ಬನ್ನು ಅರೆಯುವ ಕಿಣ್ವ ಕೆಟ್ಟಿರುತ್ತದೆ. ಕೊಬ್ಬು ತುಂಬಿದ ಕೋಶಗಳಿಂದ ಗುಲ್ಮ, ಯಕೃತ್ತು ಊದಿಕೊಳ್ಳುತ್ತವೆ. ತಂದೆತಾಯಿ ಇಬ್ಬರಲ್ಲೂ ಈ ಕಿಣ್ವದ ವಂಶವಾಹಿಯ ದೋಷವಿರುವ ಒಂದೊಂದು ಪ್ರತಿ ಇದ್ದರೆ ಪ್ರತಿ ಮಗುವಿಗೂ ಈ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಸೋದರಮಾವನಿಗೆ, ಸೋದರತ್ತೆ ಮಗನಿಗೆ ಹೆಣ್ಣು ಕೊಡುವ ನಮ್ಮ ರೂಢಿಯಲ್ಲಿ ಹಾಗೆ ಕೂಡಿಬರುವುದು ಹೆಚ್ಚು. ದೋಷವಿರುವ ಒಂದೇ ಪ್ರತಿ ಇರುವವರಿಗೆ ಗೌಚರ್ ಬರುವುದಿಲ್ಲ, ಆದರೆ ಮುಂದೆ ಪಾರ್ಕಿನ್ಸನ್ ಬರುವ ಸಂಭವ ಇತರರಿಗಿಂತ ಹೆಚ್ಚು. ಬಹುತೇಕರಿಗೆ ಬರುವುದಿಲ್ಲ ಎಂಬುದೂ ನಿಜ.

ಮಗುವಿಗೆ ಚಿಕಿತ್ಸೆಯಿದೆ: ಎರಡು ವಾರಕ್ಕೊಮ್ಮೆ ಕಿಣ್ವವನ್ನು ರಕ್ತನಾಳಕ್ಕೆ ಹನಿಸಬೇಕು, ಅದೂ ಜೀವನಪೂರ್ತಿ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಮಗುವಿನ ತೂಕ ಏರಿದಂತೆ ಔಷಧದ ಅಳತೆಯೂ ಏರುತ್ತದೆ, ಹಣ ಮಾತ್ರ ಅಷ್ಟೇ. ಆ ಮಿತಿಯನ್ನು ಸರ್ಕಾರ ಸಡಿಲಿಸಲೇಬೇಕು.